ಓದಿನ ಹೊರೆ, ಮೇಷ್ಟ್ರ ಆಸರೆ, ವಿದ್ಯಾರ್ಥಿಯ ಕ್ಷೇಮ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಪ್ರತಿ ವರ್ಷ ಒಂದು ತಂಡ ವಿದ್ಯಾರ್ಥಿಗಳಿಗೆ ಮೆಂಟರ್ ಆಗಿಯೂ ಇರುವ ನನ್ನನ್ನು ವಿದ್ಯಾರ್ಥಿಗಳು, ಪೋಷಕರ ಸಭೆಗೆ ಬಂದ ತಂದೆತಾಯಂದಿರು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಸಹೋದ್ಯೋಗಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಉತ್ತರಗಳನ್ನು ಬರೆಯುವಾಗ ಮುಖ್ಯವಾಗಿ ಕರ್ನಾಟಕದ ಪದವಿ, ಸ್ನಾತಕೋತ್ತರ ಮತ್ತು ವೃತ್ತಿಪರ ಕಾಲೇಜುಗಳು ನನ್ನ ಕಣ್ಣ ಮುಂದಿವೆ. ಈ ವಿಷಯದಲ್ಲಿ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಿಂದ ನಮಗೆ ಉಪಯೋಗವಾಗುವಷ್ಟನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಓದಿನ ಹೊರೆಯನ್ನು ಅಳೆಯುವುದು ಹೇಗೆ? ಕ್ರೆಡಿಟ್ ನೋಡಿದರೆ ಸಾಕಲ್ಲವೇ?

ಒಂದು ವಿಷಯಕ್ಕೆ ಎಷ್ಟು ಗಂಟೆಗಳ ಕಲಿಕೆ ಬೇಕೆಂದು ಸೂಚಿಸುವ ಕ್ರೆಡಿಟ್‌ನಿಂದ ಲೆಕ್ಕ ಆರಂಭಿಸಬಹುದು, ಆದರೆ ಅಲ್ಲಿಗೇ ಮುಗಿಸಲಾಗದು. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 1,200 ಗಂಟೆಗಳ ಕಲಿಕೆಯನ್ನು 40 ಕ್ರೆಡಿಟ್‌ಗಳಿಗೆ ಸಮ ಎಂದು ಇಟ್ಟುಕೊಂಡಿದೆ. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ, ಒಂದು ಸೆಮಿಸ್ಟರ್‌ಗೆ 600 ಗಂಟೆ. ತರಗತಿ, ಲ್ಯಾಬ್, ಮನೆಯಲ್ಲಿ ಕೂತು ಓದುವುದು, ಅಸೈನ್‌ಮೆಂಟ್, ಪರೀಕ್ಷೆ ಎಲ್ಲವೂ ಇದರೊಳಗೇ ಬರುತ್ತವೆ. 16 ವಾರಗಳ ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ ಮೂವತ್ತೇಳೂವರೆ ಗಂಟೆ, ಯಾರೂ ತಕರಾರು ತೆಗೆಯುವಂಥ ಸಂಖ್ಯೆಯಲ್ಲ. ಆದರೆ ಪ್ರವೇಶಾತಿ ತಡವಾಗಿ, ಹಿಂದಿನ ಪರೀಕ್ಷೆಯ ಮೌಲ್ಯಮಾಪನಕ್ಕೆ ಅಧ್ಯಾಪಕರು ಹೋಗಿ, ನಿಜವಾಗಿ ಪಾಠಕ್ಕೆ ಸಿಕ್ಕಿದ್ದು 12 ವಾರ ಎಂದಾದರೆ ಅದೇ 600 ಗಂಟೆ ವಾರಕ್ಕೆ 50 ಆಗುತ್ತದೆ.

ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿಬರಲು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವ ಹುಡುಗಿಗೆ ಆರು ದಿನಕ್ಕೆ ಇನ್ನೂ 12 ಗಂಟೆ ಸೇರಿ 62 ಆಯಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಚಾರ್ಜು ಉಳಿದಿದೆ, ಹೊತ್ತು ಉಳಿದಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವುದು, ಸಂಜೆ ಮನೆಗೆ ಹೋದ ಮೇಲೆ ಅಡುಗೆಗೆ ಕೈ ಜೋಡಿಸುವುದು ಯಾವ ಕ್ರೆಡಿಟ್‌ನ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರಿನಲ್ಲಿ ಸಂಜೆ ಡೆಲಿವರಿ ಕೆಲಸ ಮಾಡಿ ಫೀಸ್ ಕಟ್ಟುವ ಹುಡುಗನದೂ ಇದೇ ಕಥೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುವಂತೆ ಒಂದೇ ಪಠ್ಯಕ್ರಮ ಒಂದೇ ಬೆಂಚಿನ ಇಬ್ಬರಿಗೆ ಎರಡು ಬೇರೆ ತೂಕ.

ಹೊರೆ ಹೆಚ್ಚಿದಷ್ಟೂ ಕ್ಷೇಮ ಕೆಡುತ್ತದೆಯೇ?

ಅಷ್ಟು ನೇರವಾದ ಸಂಬಂಧ ಕಂಡುಬಂದಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಹೊರೆಯ ಬಗ್ಗೆ ಹಾಂಗ್‌ಕಾಂಗ್‌ನಲ್ಲಿ ಬಹಳ ಕಾಲ ಕೆಲಸ ಮಾಡಿದ ಡೇವಿಡ್ ಕೆಂಬರ್ ಅವರು, ವಿದ್ಯಾರ್ಥಿ ನಿಜವಾಗಿ ಓದುವ ಗಂಟೆಗಳಿಗೂ ‘ನನಗೆ ಹೊರೆ ಹೆಚ್ಚಾಗಿದೆ’ ಎಂಬ ಆ ವಿದ್ಯಾರ್ಥಿಯ ಅನಿಸಿಕೆಗೂ ಇರುವ ನಂಟು ದುರ್ಬಲವೆಂದು ತೋರಿಸಿದ್ದಾರೆ. ಪಾಠ ಅರ್ಥವಾಗುತ್ತಿದ್ದರೆ, ಸಹಪಾಠಿಗಳೊಂದಿಗೆ ಮತ್ತು ಅಧ್ಯಾಪಕರೊಂದಿಗೆ ಸಂಬಂಧ ಚೆನ್ನಾಗಿದ್ದರೆ ಹೆಚ್ಚು ಗಂಟೆಗಳ ಓದೂ ಹಗುರವೆನಿಸುತ್ತದೆ. ಅರ್ಥವಾಗದ್ದನ್ನು ಉರು ಹೊಡೆಯಬೇಕಾದಾಗ ಕಡಿಮೆ ಗಂಟೆಯೂ ಭಾರವಾಗುತ್ತದೆ.

ಇನ್ನೊಂದು ದಾರಿಯಿಂದಲೂ ಇದೇ ಮಾತಿಗೆ ಬರಬಹುದು. ಸ್ವೀಡನ್ ಮತ್ತು ಅಮೆರಿಕದ ಕಾರ್ಮಿಕರ ಮಾಹಿತಿಯನ್ನು ಇಟ್ಟುಕೊಂಡು ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದೇನೆಂದರೆ, ಮನುಷ್ಯನನ್ನು ಹೆಚ್ಚು ದಣಿಸುವುದು ಕೆಲಸದ ಒತ್ತಡ ಹೆಚ್ಚಿದ್ದು ಅದರ ಮೇಲೆ ತನ್ನ ಹಿಡಿತ ಕಡಿಮೆ ಇರುವ ಸ್ಥಿತಿ. ಒತ್ತಡವೂ ಹಿಡಿತವೂ ಎರಡೂ ಹೆಚ್ಚಿದ್ದರೆ ಅದೇ ಕೆಲಸದಿಂದ ಮನುಷ್ಯ ಬೆಳೆಯುತ್ತಾನೆ. ಮುಂದೆ ಬಂದವರು ಇದಕ್ಕೆ ಮೂರನೆಯದಾಗಿ ಸುತ್ತಲಿನವರ ಬೆಂಬಲವನ್ನು ಸೇರಿಸಿದರು. ಕಾರ್ಖಾನೆ, ಕಚೇರಿಗಳಿಗಾಗಿ ಹುಟ್ಟಿದ ಈ ವಿಚಾರವನ್ನು ಆ ಮೇಲೆ ಅನೇಕರು ವಿದ್ಯಾರ್ಥಿಗಳಿಗೂ ಅನ್ವಯಿಸಿದ್ದಾರೆ, ಮತ್ತು ನಮ್ಮ ತರಗತಿಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಟೆಸ್ಟ್ ಯಾವಾಗ, ಅಂಕ ಹೇಗೆ, ಯಾವ ಅಧ್ಯಾಯ ಬಿಟ್ಟರು, ಯಾವುದು ಉಳಿಯಿತು ಎಂಬ ಒಂದೂ ಗೊತ್ತಿಲ್ಲದ ವಿದ್ಯಾರ್ಥಿಗೆ ಹಿಡಿತವೆಂಬುದು ಇಲ್ಲವೇ ಇಲ್ಲ.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಹೆಚ್ಚು ಹಾನಿ ಮಾಡುವ ಹೊರೆ ಯಾವುದು?

ನನ್ನ ಅನುಭವದಲ್ಲಿ ಮೊದಲನೆಯದು, ಒಂದೇ ವಾರಕ್ಕೆ ಬಂದು ಬೀಳುವ ಹೊರೆ. ಸೆಮಿಸ್ಟರ್‌ನ ಮೊದಲ ಎರಡು ತಿಂಗಳು ತಣ್ಣಗೆ ಸಾಗಿ, ಕೊನೆಯ ಹದಿನೈದು ದಿನಗಳಲ್ಲಿ ಇಂಟರ್ನಲ್ಸ್, ಸೆಮಿನಾರ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ಎಲ್ಲವೂ ಒಟ್ಟಿಗೆ ಬರುತ್ತವೆ. ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ವಿಷಯದ ಮಟ್ಟಿಗೆ ಕೇಳುವುದು ನ್ಯಾಯವೇ. ಆರು ನ್ಯಾಯಗಳು ಒಂದೇ ಸೋಮವಾರ ಸೇರಿದಾಗ ಅನ್ಯಾಯವಾಗುತ್ತದೆ, ಮತ್ತು ಅದು ಯಾರ ತಪ್ಪೂ ಆಗಿರುವುದಿಲ್ಲ.

ಎರಡನೆಯದು ಅರ್ಥವಿಲ್ಲದ ಕೆಲಸ. ರೆಕಾರ್ಡ್ ಪುಸ್ತಕವನ್ನೇ ನೋಡಿ. ಎಡಗಡೆ ಗೆರೆಯಿಲ್ಲದ ಪುಟದಲ್ಲಿ ಪೆನ್ಸಿಲ್ ಚಿತ್ರ, ಬಲಗಡೆ ಗೆರೆ ಹಾಕಿದ ಪುಟದಲ್ಲಿ ಉದ್ದೇಶ, ಬೇಕಾದ ಉಪಕರಣ, ವಿಧಾನ, ಕೋಷ್ಟಕ, ಫಲಿತಾಂಶ. ಹೊಡೆದು ತಿದ್ದಿದ ಗುರುತು ಇದ್ದರೆ ಪುಟ ಹರಿದು ಮತ್ತೆ ಬರೆಯಬೇಕು. ಕಳೆದ ವರ್ಷದ ಸೀನಿಯರ್‌ನ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡರವರೆಗೆ ಅದನ್ನು ನಕಲು ಮಾಡುವ ಹುಡುಗರು ಎಷ್ಟೋ ಮಂದಿ. ಕೋಷ್ಟಕದಲ್ಲಿನ ಅಂಕಿಗಳೂ ಹಳೆಯವೇ. ಬರೆದವರಿಗೂ ಸಹಿ ಹಾಕುವವರಿಗೂ ಇದು ಗೊತ್ತು. ಈ ದಣಿವಿನಿಂದ ಕಲಿಕೆಯೂ ಆಗುವುದಿಲ್ಲ, ಓದಿನ ಮೇಲಿನ ಗೌರವವೂ ಹೋಗುತ್ತದೆ.

ಮೂರನೆಯದನ್ನು ಯಾವ ಸಮಿತಿಯೂ ಹೊರೆಯೆಂದು ಎಣಿಸುವುದಿಲ್ಲ, ಅದು ಭಾಷೆ. ಹತ್ತನೆಯ ತರಗತಿಯವರೆಗೆ, ಕೆಲವರು ಪಿಯುಸಿಯವರೆಗೂ, ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್‌ಸಿಗೋ ಎಂಜಿನಿಯರಿಂಗ್‌ಗೋ ಸೇರುವ ವಿದ್ಯಾರ್ಥಿ ‘ವೇಗೋತ್ಕರ್ಷ’ ಎಂದರೆ ತಿಳಿದಿರುವ ವಿಷಯವನ್ನೇ ‘ಆಕ್ಸಿಲರೇಷನ್’ ಎಂದು ಮತ್ತೆ ಕಲಿಯಬೇಕು. ಒಂದು ಪುಟ ಓದಲು ಇಂಗ್ಲಿಷ್ ಮಾಧ್ಯಮದ ಗೆಳೆಯನಿಗೆ ಹತ್ತು ನಿಮಿಷ ಸಾಕಾದರೆ, ಪ್ರತಿ ಸಾಲಿಗೆ ಮೊಬೈಲ್‌ನಲ್ಲಿ ಅರ್ಥ ಹುಡುಕುವ ಇವನಿಗೆ ಅರ್ಧ ಗಂಟೆ. ಮೊದಲ ಸೆಮಿಸ್ಟರ್‌ನಲ್ಲಿ ‘ನನಗೆ ತಲೆ ಇಲ್ಲ ಸರ್’ ಎಂದು ಬಂದವರಲ್ಲಿ ಬಹಳ ಮಂದಿಗೆ ತಲೆ ಚೆನ್ನಾಗಿಯೇ ಇತ್ತು, ಪದಗಳು ಇರಲಿಲ್ಲ.

ಕ್ಷೇಮ ಎನ್ನುವುದು ಮನಸ್ಸಿನ ವಿಷಯ. ಅದನ್ನು ಗುರುತಿಸುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಿಂದ ಬಳಕೆಯಲ್ಲಿರುವ ಐದು ಪ್ರಶ್ನೆಗಳ ಒಂದು ಸಣ್ಣ ಅಳತೆ ಇದೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸದಿಂದ ಇತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ಎದ್ದಾಗ ಹಗುರವಾಗಿತ್ತೇ, ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂದು ಅದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ರಿಂದ 5 ಅಂಕ. ಒಟ್ಟು ಅಂಕವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ತಿಳಿಯುತ್ತದೆ. 50ಕ್ಕಿಂತ ಕಡಿಮೆ ಬಂದರೆ ಮುಂದೆ ವಿಚಾರಿಸಬೇಕೆಂಬ ಸೂಚನೆಯಷ್ಟೇ ಹೊರತು ಅದು ರೋಗದ ನಿರ್ಣಯವಲ್ಲ.

ಓದಿನಿಂದಲೇ ಬರುವ ಬಳಲಿಕೆಗೆ ಸಂಶೋಧಕರು ಮೂರು ಮುಖಗಳನ್ನು ಗುರುತಿಸುತ್ತಾರೆ: ಸುಸ್ತು, ಓದಿನ ಬಗ್ಗೆ ಹುಟ್ಟುವ ತಾತ್ಸಾರ, ತನ್ನಿಂದ ಆಗದು ಎಂಬ ಭಾವ. ಸುಸ್ತು ರಜೆಯಲ್ಲಿ ಇಳಿಯುತ್ತದೆ. ತಾತ್ಸಾರ ರಜೆಯಲ್ಲಿ ಇಳಿಯುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಹಿಂದಿನ ಬೆಂಚಿಗೆ ಹೋದಾಗ, ಪ್ರಶ್ನೆ ಕೇಳುತ್ತಿದ್ದವಳು ‘ಹಾಗೇ ಬಿಡಿ ಮೇಡಂ’ ಎನ್ನಲು ತೊಡಗಿದಾಗ ನಾವು ನೋಡುತ್ತಿರುವುದು ಅದನ್ನೇ.

ಇದು ನಮ್ಮ ಊರಿನ ಹುಡುಗರಿಗೆ ಮಾತ್ರ ಇರುವ ತೊಂದರೆಯೇ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರಲ್ಲಿ ಎಂಟು ದೇಶಗಳ 19 ಕಾಲೇಜುಗಳ 13,984 ಮೊದಲ ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಖಿನ್ನತೆ, ಆತಂಕ ಅಥವಾ ಅಂಥ ಇನ್ನೊಂದು ತೊಂದರೆಯ ಲಕ್ಷಣಗಳು ಕಂಡಿದ್ದವು. ಆ ಎಂಟರಲ್ಲಿ ಭಾರತ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ದೇಶದ ಬಗ್ಗೆ ಎಲ್ಲರೂ ಹೇಳುವ ಅಂಕಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ್ದು: 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಇದರಲ್ಲಿ ಶಾಲೆಯ ಮಕ್ಕಳೂ ಸೇರಿದ್ದಾರೆ, ಕಾರಣಗಳೂ ಹಲವು; ಇಡೀ ಸಂಖ್ಯೆಯನ್ನು ಪರೀಕ್ಷೆಯ ತಲೆಗೆ ಕಟ್ಟುವುದು ಸರಿಯಲ್ಲ.

ಶಿಕ್ಷಕರ ಬೆಂಬಲ ಎಂದರೆ ಪ್ರೀತಿಯಿಂದ ಮಾತನಾಡುವುದೇ?

ಅದೂ ಒಂದು ಭಾಗ, ಆದರೆ ಜನ ಅಂದುಕೊಂಡಷ್ಟು ದೊಡ್ಡ ಭಾಗವಲ್ಲ. ಸಾಮಾಜಿಕ ಬೆಂಬಲದ ಬಗ್ಗೆ 1981ರಲ್ಲಿ ಬರೆದ ಜೇಮ್ಸ್ ಹೌಸ್ ಅವರು ಬೆಂಬಲವನ್ನು ನಾಲ್ಕಾಗಿ ವಿಂಗಡಿಸಿದರು. ಮನಸ್ಸಿಗೆ ಕೊಡುವ ಧೈರ್ಯ, ಕೈಯಾರೆ ಮಾಡುವ ಸಹಾಯ, ಬೇಕಾದ ಮಾಹಿತಿ, ಮತ್ತು ‘ನೀನು ಎಲ್ಲಿದ್ದೀಯ’ ಎಂದು ತಿಳಿಸುವ ಮೌಲ್ಯಮಾಪನ. ನಮ್ಮಲ್ಲಿ ಒಳ್ಳೆಯ ಮೇಷ್ಟ್ರು ಎಂದರೆ ಮೊದಲನೆಯದನ್ನು ಹೇರಳವಾಗಿ ಕೊಡುವವರು ಎಂಬ ಭಾವನೆ ಇದೆ. ಉಳಿದ ಮೂರಕ್ಕೆ ಭಾವುಕತೆ ಬೇಡ, ಕ್ರಮ ಬೇಕು.

ಒಂದು ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡನೆಯ ಸೆಮಿಸ್ಟರ್‌ನ ಹುಡುಗಿಯೊಬ್ಬಳು ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಮೊದಲ ಟೆಸ್ಟ್‌ನ ಉತ್ತರ ಪತ್ರಿಕೆಯಲ್ಲಿ ಅವಳಿಗೆ 20ಕ್ಕೆ 7 ಬಂದಿತ್ತು. ನಾನು ಸಮಾಧಾನದ ಮಾತು ಹೇಳಲು ತೊಡಗಿದೆ, ಅವಳು ತಲೆ ತಗ್ಗಿಸಿಯೇ ನಿಂತಳು. ಕೊನೆಗೆ ಪತ್ರಿಕೆ ಬಿಡಿಸಿ ನೋಡಿದರೆ ಐದು ಅಂಕದ ಎರಡು ಪ್ರಶ್ನೆಗಳಿಗೆ ತಲಾ ಮೂರು ಪುಟ ಬರೆದು, ಉಳಿದ ಎರಡಕ್ಕೆ ಹೊತ್ತು ಸಾಲದೆ ಬಿಟ್ಟಿದ್ದಳು. ‘ಐದು ಅಂಕಕ್ಕೆ ಒಂದು ಪುಟ ಸಾಕು, ನೀನು ಬರೆದಿರುವುದೆಲ್ಲ ಸರಿಯಾಗಿದೆ’ ಎಂದ ಮೇಲೆ ಅವಳ ಮುಖ ಬದಲಾಯಿತು. ನನ್ನ ಹತ್ತು ನಿಮಿಷದ ಸಾಂತ್ವನ ಮಾಡದ್ದನ್ನು ಆ ಒಂದು ಸಾಲು ಮಾಡಿತು. ಪತ್ರಿಕೆಯನ್ನು ಎರಡು ವಾರ ಮೊದಲೇ ಹಿಂದಿರುಗಿಸಿದ್ದರೆ ಅವಳು ಆ ಎರಡು ವಾರ ನಿದ್ದೆಗೆಡಬೇಕಾಗಿರಲಿಲ್ಲ. ತಡ ಮಾಡಿದವನು ನಾನೇ.

ಹೊರೆ ಇಳಿಸಲು ನಮ್ಮ ಕೈಯಲ್ಲಿ ಅಧಿಕಾರವಿಲ್ಲ. ಬೆಂಬಲದಿಂದಷ್ಟೇ ಪ್ರಯೋಜನವಾದೀತೇ?

ಆಗುತ್ತದೆ, ಒಂದು ಮಿತಿಯವರೆಗೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ, ಅಧ್ಯಾಪಕರು ತಮ್ಮ ಬೆನ್ನಿಗಿದ್ದಾರೆ ಎಂದು ಭಾವಿಸುವ ವಿದ್ಯಾರ್ಥಿಗಳಲ್ಲಿ ಬಳಲಿಕೆ ಕಡಿಮೆ, ಓದಿನಲ್ಲಿ ತೊಡಗುವಿಕೆ ಹೆಚ್ಚು ಎಂಬ ಸಂಬಂಧ ಮತ್ತೆ ಮತ್ತೆ ಕಂಡಿದೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಸಲ ಪ್ರಶ್ನಾವಳಿ ಕೊಟ್ಟು ಮಾಡಿದವು. ಬೆಂಬಲದಿಂದ ಕ್ಷೇಮ ಬಂತೋ, ಕ್ಷೇಮವಾಗಿರುವ ವಿದ್ಯಾರ್ಥಿಗೆ ಅಧ್ಯಾಪಕರು ಒಳ್ಳೆಯವರಾಗಿ ಕಂಡರೋ ಎಂಬುದನ್ನು ಅವು ಬಿಡಿಸಿ ಹೇಳಲಾರವು. ಆದರೂ ನಡೆಯುವ ಬಗೆ ಊಹಿಸಲು ಕಷ್ಟವಲ್ಲ. ಹೊರೆ ಅಷ್ಟೇ ಇದ್ದರೂ ಯಾವುದನ್ನು ಮೊದಲು ಓದಬೇಕು, ಯಾವುದನ್ನು ಬಿಡಬಹುದು ಎಂದು ಹೇಳುವವರಿದ್ದರೆ ದಾರಿ ಕಾಣುತ್ತದೆ.

ಮಿತಿಯ ಮಾತನ್ನೂ ಹೇಳಿಬಿಡಬೇಕು. ವಾರಕ್ಕೆ 62 ಗಂಟೆಯ ಹೊರೆ ಹೊತ್ತವರಿಗೆ ‘ಟೈಮ್ ಮ್ಯಾನೇಜ್‌ಮೆಂಟ್’ ಕಾರ್ಯಾಗಾರ ಏರ್ಪಡಿಸಿ ಶನಿವಾರದ ಮಧ್ಯಾಹ್ನವನ್ನೂ ಕಸಿದುಕೊಳ್ಳುವುದು ಗಾಯದ ಮೇಲೆ ಬರೆ ಎಳೆದಂತೆ. ಅಂಥ ಒಂದು ಕಾರ್ಯಾಗಾರಕ್ಕೆ ಹಾಜರಾತಿ ಕಡ್ಡಾಯ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಹೀಗೆ ಸಡಿಲ ಬಿಟ್ಟರೆ ಶಿಸ್ತು ಉಳಿಯುತ್ತದೆಯೇ? ನಾವೆಲ್ಲ ಕಷ್ಟಪಟ್ಟೇ ಓದಿದವರಲ್ಲವೇ?

ಈ ಪ್ರಶ್ನೆಯನ್ನು ಹಿರಿಯ ಸಹೋದ್ಯೋಗಿಗಳು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಬೆಂಬಲವೆಂದರೆ ಅಂಕ ದಾನ ಮಾಡುವುದೆಂದು ನಾನು ಎಲ್ಲಿಯೂ ಹೇಳುತ್ತಿಲ್ಲ. ಕಟ್ಟುನಿಟ್ಟಾಗಿದ್ದು ವಿದ್ಯಾರ್ಥಿಗಳ ಪ್ರೀತಿಗೂ ಪಾತ್ರರಾದ ಮೇಷ್ಟ್ರುಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರ ನಿಯಮ ಎಲ್ಲರಿಗೂ ಒಂದೇ ಮತ್ತು ಅದು ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಹುಡುಗರನ್ನು ಕಂಗೆಡಿಸುವುದು ಈ ವಾರ ಒಂದು, ಮುಂದಿನ ವಾರ ಇನ್ನೊಂದು ಎನ್ನುವ ನಿಯಮ, ಮತ್ತು ಇಡೀ ತರಗತಿಯ ಎದುರು ಅಂಕ ಓದಿ ನಗಾಡುವ ಚಾಳಿ. ನಾವು ಓದಿದ ಕಾಲದಲ್ಲಿ ಬಹುಮಟ್ಟಿಗೆ ವರ್ಷಕ್ಕೊಂದು ಪರೀಕ್ಷೆಯಿತ್ತು ಎಂಬುದನ್ನೂ ನಾವು ಮರೆಯುತ್ತೇವೆ. ಈಗಿನವರಿಗೆ ವರ್ಷಕ್ಕೆ ಎರಡು ಸೆಮಿಸ್ಟರ್ ಪರೀಕ್ಷೆ, ಅವುಗಳ ನಡುವೆ ಆಂತರಿಕ ಪರೀಕ್ಷೆಗಳು, ಹಿಂದೆ ಉಳಿದ ಬ್ಯಾಕ್‌ಲಾಗ್ ಬೇರೆ.

ಅಧ್ಯಾಪಕರಿಗೇ ಬಿಡುವಿಲ್ಲದಿದ್ದರೆ ಅವರು ಬೆಂಬಲ ಕೊಡುವುದು ಹೇಗೆ?

ಇಡೀ ವಿಷಯದ ಗಂಟು ಇರುವುದೇ ಇಲ್ಲಿ ಎಂದು ನನ್ನ ತಿಳಿವಳಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ. ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿರಬಾರದು. ಪದವಿ ತರಗತಿಗಳಿಗೆ ಪಾಠ ಮಾಡುವವರು ದಿನಕ್ಕೆ ಕನಿಷ್ಠ ಎರಡು ಗಂಟೆ ವಿದ್ಯಾರ್ಥಿಗಳ ಮಾರ್ಗದರ್ಶನಕ್ಕೆ ಕೊಡಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಕಾಗದದ ಮೇಲೆ ಇದು ಸುಂದರವಾಗಿದೆ. ಆ ಎರಡು ಗಂಟೆಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿ ಪರಿಶೀಲನೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಬೇಕಾದ ಕಡತ, ಪರೀಕ್ಷಾ ಕೆಲಸ, ಚುನಾವಣಾ ಕೆಲಸ ಎಲ್ಲವೂ ಬಂದು ಕೂರುತ್ತವೆ.

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು, ಕೆಲಸದ ಭದ್ರತೆ ಇಲ್ಲ. 2023ರ ನವೆಂಬರ್‌ನಲ್ಲಿ ಸೇವಾ ಕಾಯಮಾತಿ ಕೇಳಿ ಅವರು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠಗಳು ನಿಂತಿದ್ದವು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದ ಅಧ್ಯಾಪಕರು, ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲಬೇಕೆಂದು ಬಯಸುವುದು ಹೇಗೆ? ಹಾಗಿದ್ದೂ ವಿದ್ಯಾರ್ಥಿಗಳು ಮೊದಲು ಹೋಗಿ ಮಾತನಾಡುವುದು ಬಹಳ ಸಲ ಇವರ ಬಳಿಯೇ. ವಯಸ್ಸಿನಲ್ಲಿ ಹತ್ತಿರದವರು, ತಾವೂ ಅದೇ ಬಸ್ಸಿನಲ್ಲಿ ಬರುವವರು.

ಇದರ ಮೇಲೆ ಪಠ್ಯಕ್ರಮದ ಬದಲಾವಣೆ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವನ್ನು ಪದವಿ ಹಂತದಲ್ಲಿ ತಂದಿತು. 2024-25ರಿಂದ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ವರ್ಷ ಒಂದೇ ವಿಭಾಗದ ಅಧ್ಯಾಪಕರು ಮೊದಲ ವರ್ಷದವರಿಗೆ ಹೊಸ ಪಠ್ಯವನ್ನೂ, ಎರಡು ಮತ್ತು ಮೂರನೆಯ ವರ್ಷದವರಿಗೆ ಹಿಂದಿನ ಪಠ್ಯವನ್ನೂ ಸಿದ್ಧಪಡಿಸಬೇಕಾಯಿತು. ಯಾವ ನೀತಿ ಉತ್ತಮ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಪಾಠದ ತಯಾರಿಗೆ ಹೋದ ಗಂಟೆಗಳು ವಿದ್ಯಾರ್ಥಿಯೊಂದಿಗೆ ಕೂತು ಮಾತನಾಡುವ ಗಂಟೆಗಳಿಂದಲೇ ಬಂದವು ಎಂಬುದನ್ನು ಮಾತ್ರ ದಾಖಲಿಸುತ್ತೇನೆ. ವಿದ್ಯಾರ್ಥಿಯ ಹೊರೆಯನ್ನೂ ಅಧ್ಯಾಪಕರ ಹೊರೆಯನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುವ ಕಾಲೇಜು ಎರಡರಲ್ಲಿ ಯಾವುದನ್ನೂ ಇಳಿಸಲಾರದು.

ಮೆಂಟರ್ ವ್ಯವಸ್ಥೆ ಎಲ್ಲ ಕಡೆ ಇದೆಯಲ್ಲ?

ನ್ಯಾಕ್ ಮೌಲ್ಯಾಂಕನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬುದನ್ನು ಕೇಳುವುದರಿಂದ ಮೆಂಟರ್ ಪುಸ್ತಕವಂತೂ ಎಲ್ಲ ಕಡೆಯೂ ಇದೆ. ವಿದ್ಯಾರ್ಥಿಯ ಫೋಟೊ, ರಕ್ತದ ಗುಂಪು, ತಂದೆಯ ಮೊಬೈಲ್ ಸಂಖ್ಯೆ, ಪ್ರತಿ ತಿಂಗಳ ಭೇಟಿಗೆ ಒಂದು ಸಾಲು. ಸೆಮಿಸ್ಟರ್‌ನ ಕೊನೆಯಲ್ಲಿ ಒಂದೇ ಪೆನ್ನಿನಿಂದ ನಾಲ್ಕು ತಿಂಗಳ ‘ಚೆನ್ನಾಗಿ ಓದಲು ಸಲಹೆ ನೀಡಲಾಯಿತು’ ಬರೆದ ಪುಸ್ತಕಗಳನ್ನು ನಾನು ನೋಡಿದ್ದೇನೆ, ಒಂದೆರಡು ಸಲ ನಾನೂ ಹಾಗೆ ಬರೆದಿದ್ದೇನೆ. ತಂಡ ಇಪ್ಪತ್ತರೊಳಗೆ ಇದ್ದು, ವೇಳಾಪಟ್ಟಿಯಲ್ಲಿಯೇ ವಾರಕ್ಕೊಂದು ಪೀರಿಯಡ್ ಅದಕ್ಕೆಂದು ಗುರುತಿಸಿದ್ದರೆ ವ್ಯವಸ್ಥೆ ಕೆಲಸ ಮಾಡುತ್ತದೆ.

ವೈದ್ಯಕೀಯ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳ ಪರಿಸ್ಥಿತಿ ಬೇರೆಯೇ?

ತತ್ವ ಒಂದೇ, ಪ್ರಮಾಣ ಬೇರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು 2024ರಲ್ಲಿ ನೀಡಿದ ವರದಿಗಾಗಿ ನಡೆಸಿದ ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು ಉತ್ತರಿಸಿದ್ದರು, ಅವರಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆಯೆಂದು ಹೇಳಿಕೊಂಡರು. ತಾವಾಗಿ ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾಗದು. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ ಡ್ಯೂಟಿ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಆ ವರದಿ ಶಿಫಾರಸು ಮಾಡಿತು. 74ನ್ನು ‘ಮಿತಿ’ ಎಂದು ಬರೆಯಬೇಕಾಗಿ ಬಂದದ್ದೇ ಅಲ್ಲಿನ ಸ್ಥಿತಿಯನ್ನು ಹೇಳುತ್ತದೆ.

ಪಿಎಚ್‌ಡಿಯಲ್ಲಿ ಹೊರೆಯೂ ಆಸರೆಯೂ ಒಬ್ಬರೇ ವ್ಯಕ್ತಿಯಿಂದ, ಅಂದರೆ ಗೈಡ್‌ರಿಂದ, ಬರುತ್ತವೆ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಪ್ರತಿ ವಿದ್ಯಾರ್ಥಿಗೆ ಒಂದು ಸಂಶೋಧನಾ ಸಲಹಾ ಸಮಿತಿಯೂ ಇರುತ್ತದೆ; ಗೈಡ್ ಜೊತೆಗಿನ ಸಂಬಂಧ ಕೆಟ್ಟರೆ ಅದು ಇನ್ನೊಂದು ಬಾಗಿಲಾಗಬಲ್ಲದು. ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಒಪ್ಪಿಸುವ ಅವಕಾಶವನ್ನು ಬರಿಯ ಸಹಿಯ ಶಾಸ್ತ್ರವಾಗಲು ಬಿಡಬೇಡಿ.

ನಾನು ವಿದ್ಯಾರ್ಥಿ. ಮೇಷ್ಟ್ರ ಬಳಿ ಹೇಗೆ ಹೇಳಲಿ? ಹೆದರಿಕೆಯಾಗುತ್ತದೆ.

ತರಗತಿ ಮುಗಿದ ಕೂಡಲೇ ನಾಲ್ಕು ಜನರ ನಡುವೆ ಕೇಳಬೇಡಿ. ‘ಸರ್, ನಿಮ್ಮ ಹತ್ತಿರ ಹತ್ತು ನಿಮಿಷ ಮಾತಾಡಬೇಕಿತ್ತು, ಯಾವಾಗ ಬರಲಿ?’ ಎಂದರೆ ಸಾಕು. ಹೀಗೆ ಕೇಳಿದವರಿಗೆ ಇಲ್ಲವೆನ್ನುವ ಅಧ್ಯಾಪಕರು ಕಡಿಮೆ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬಾಕಿ ಇರುವ ಕೆಲಸಗಳನ್ನೂ ಅವುಗಳ ಕೊನೆಯ ದಿನಾಂಕಗಳನ್ನೂ ಬರೆದುಕೊಳ್ಳಿ. ‘ಎಲ್ಲವೂ ಕಷ್ಟ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ; ‘ಗುರುವಾರ ಮೂರು ಇವೆ, ಒಂದನ್ನು ಸೋಮವಾರ ಕೊಡಬಹುದೇ?’ ಎಂದರೆ ಉತ್ತರ ಸಿಗುತ್ತದೆ. ಮಾತು ಹೊರಡದಿದ್ದರೆ ಕನ್ನಡದಲ್ಲಿ ಒಂದು ಪತ್ರ ಬರೆದು ಕೊಡಿ. ಇಂಗ್ಲಿಷ್‌ನಲ್ಲೇ ಬರೆಯಬೇಕೆಂದು ಕೂತು ಮೂರು ದಿನ ತಡಮಾಡಿದವರಿದ್ದಾರೆ. ಆ ಅಧ್ಯಾಪಕರೇ ಸಮಸ್ಯೆಯ ಮೂಲವಾಗಿದ್ದರೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಇನ್ನೊಂದು ವಿಭಾಗದ ನಂಬಿಕೆಯ ಮೇಡಂ, ಲೈಬ್ರರಿಯನ್, ಹಾಸ್ಟೆಲ್ ವಾರ್ಡನ್, ಯಾರಾದರೂ ಸರಿ.

ಮೆಂಟರ್‌ಗೆ ಅಥವಾ ಆಪ್ತಸಮಾಲೋಚಕರಿಗೆ ಹೇಳಿದರೆ ಮನೆಗೆ ತಿಳಿಸುತ್ತಾರೆಯೇ?

2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳು ಅದಕ್ಕೆ ಅಪವಾದ. ಅಧ್ಯಾಪಕರು ಚಿಕಿತ್ಸಕರಲ್ಲ, ಅವರನ್ನು ಕಟ್ಟಿಹಾಕುವುದು ವೃತ್ತಿಯ ಮರ್ಯಾದೆ. ಹೊಸ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟೆ: ‘ಯಾರಿಗೂ ಹೇಳುವುದಿಲ್ಲ’ ಎಂದು ಆಣೆ ಮಾಡಬೇಡಿ, ‘ನಿನ್ನ ಜೀವಕ್ಕೆ ತೊಂದರೆಯಿದೆ ಅನ್ನಿಸಿದರೆ ಮಾತ್ರ, ನಿನಗೆ ಹೇಳಿಯೇ ಬೇರೆಯವರಿಗೆ ತಿಳಿಸುತ್ತೇನೆ’ ಎಂದು ಮೊದಲೇ ಹೇಳಿ. ಸ್ಟಾಫ್ ರೂಮಿನ ಟೀ ಹೊತ್ತಿನಲ್ಲಿ ವಿದ್ಯಾರ್ಥಿಯ ಮನೆಯ ಕಷ್ಟ ಹರಟೆಯ ವಸ್ತುವಾದರೆ ಆ ಬಾಗಿಲಿಗೆ ಮತ್ತೆ ಯಾರೂ ಬರುವುದಿಲ್ಲ.

ಪೋಷಕರು ಏನು ಮಾಡಬೇಕು?

ಫೋನಿನಲ್ಲಿ ಮೊದಲ ಪ್ರಶ್ನೆ ‘ಎಷ್ಟು ಬಂತು?’ ಆಗದಿರಲಿ, ‘ಊಟ ಆಯ್ತಾ, ನಿದ್ದೆ ಆಯ್ತಾ’ ಆಗಲಿ. ಪಕ್ಕದ ಮನೆಯ ಮಗನ ಪ್ಯಾಕೇಜ್‌ನ ಸುದ್ದಿ ಬೇಡ. ಒಂದು ಸಬ್ಜೆಕ್ಟ್ ಬ್ಯಾಕ್ ಆದರೆ ಕೋರ್ಸ್ ಮುಗಿದು ಹೋಗುವುದಿಲ್ಲ ಎಂಬುದನ್ನು ಮಕ್ಕಳು ನಿಮ್ಮ ಬಾಯಿಂದಲೇ ಕೇಳಬೇಕು.

ಕಾಲೇಜುಗಳಿಗೆ ಈ ವಿಷಯದಲ್ಲಿ ಕಾನೂನಿನ ಹೊಣೆ ಏನಾದರೂ ಇದೆಯೇ?

ಇದೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಅಧ್ಯಯನಕ್ಕೆ 2025ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ತನ್ನ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅದೇ ವರ್ಷದ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ, ಅದೇ ನ್ಯಾಯಾಲಯ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ ಅಥವಾ ಮನಶ್ಶಾಸ್ತ್ರಜ್ಞರಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಸಹಾಯವಾಣಿ ಸಂಖ್ಯೆಗಳು ಹಾಸ್ಟೆಲ್, ತರಗತಿಗಳಲ್ಲಿ ಎದ್ದು ಕಾಣುವಂತಿರಬೇಕು. ನಿಮ್ಮ ಕಾಲೇಜಿನಲ್ಲಿ ಇವು ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆದುಕೊಳ್ಳಿ.

ಗೆಳೆಯನೊಬ್ಬ ಬದುಕೇ ಬೇಡ ಎನ್ನುವಂತೆ ಮಾತನಾಡುತ್ತಿದ್ದಾನೆ. ಏನು ಮಾಡಲಿ?

ಅವನನ್ನು ಒಬ್ಬನೇ ಬಿಡಬೇಡಿ. ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹಾಸ್ಟೆಲ್ ವಾರ್ಡನ್ ಅಥವಾ ನಂಬಿಕೆಯ ಅಧ್ಯಾಪಕರಿಗೆ ಆಗಲೇ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಅಪಾಯ ಕಣ್ಣೆದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ನಾನೊಬ್ಬ ಅಧ್ಯಾಪಕ. ಯಾರ ಅನುಮತಿಗೂ ಕಾಯದೆ ಈ ಸೆಮಿಸ್ಟರ್‌ನಲ್ಲೇ ಏನು ಮಾಡಬಹುದು?

ಮೊದಲ ವಾರವೇ ಟೆಸ್ಟ್, ಅಸೈನ್‌ಮೆಂಟ್‌ಗಳ ದಿನಾಂಕ ಮತ್ತು ಅಂಕ ಹಂಚಿಕೆ ಬರೆದು ಕೊಡಿ. ಉತ್ತರ ಪತ್ರಿಕೆಯನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಿ, ಮೇಲೆ ಅಂಕದ ಜೊತೆ ಒಂದು ಸಾಲು ಬರೆಯಿರಿ. ಹೊಸ ಪದ ಬಂದಾಗಲೆಲ್ಲ ಕನ್ನಡದ ಪದವನ್ನೂ ಬೋರ್ಡಿನ ಮೇಲೆ ಬರೆಯಿರಿ. ಎರಡು ವಾರ ಕಾಣದ ವಿದ್ಯಾರ್ಥಿಗೆ ಶಾರ್ಟೇಜ್ ನೋಟಿಸ್ ಹೋಗುವ ಮೊದಲು ನಿಮ್ಮ ಫೋನ್ ಹೋಗಲಿ.

ನಮ್ಮ ವಿಭಾಗದಲ್ಲಿ ಎರಡು ವರ್ಷದ ಹಿಂದೆ ಸ್ಟಾಫ್ ರೂಮಿನ ಗೋಡೆಗೆ ದೊಡ್ಡ ಕ್ಯಾಲೆಂಡರ್ ಒಂದನ್ನು ತೂಗು ಹಾಕಿ, ಪ್ರತಿ ಅಧ್ಯಾಪಕರೂ ತಮ್ಮ ಟೆಸ್ಟ್ ದಿನಾಂಕವನ್ನು ಅದರಲ್ಲೇ ಬರೆಯಬೇಕೆಂದು ಒಪ್ಪಿಕೊಂಡೆವು. ಒಂದು ದಿನಕ್ಕೆ ಒಂದೇ ಹೆಸರು. ಮೊದಲ ತಿಂಗಳೇ ಮೂವರು ಒಂದೇ ಶುಕ್ರವಾರಕ್ಕೆ ಪೆನ್ನು ಹಿಡಿದು ಬಂದರು. ಸ್ವಲ್ಪ ಹೊತ್ತು ವಾದವಾಯಿತು, ಟೀ ಬಂತು, ಇಬ್ಬರು ಹಿಂದೆ ಸರಿದರು. ಆ ಕ್ಯಾಲೆಂಡರ್‌ನ ಬೆಲೆ 40 ರೂಪಾಯಿ. ಈ ವರ್ಷ ಅದನ್ನು ತಂದು ಹಾಕಿದವರು ಅಂದು ಹೆಚ್ಚು ವಾದ ಮಾಡಿದ ಮೇಡಂ.